ಗೋಪಾಲ ಹಾಕಿದ ಹೊಸ ಸಾಮಾನು

ಮೊನ್ನೆ ಬಿಟಿಎಂ ಲೇಔಟಿಗೆ ಕಣ್ಣು ತೋರಿಸಿಕೊಳ್ಳಲು ಹೋಗಿದ್ದೆ. ವಾಪಸು ಬರುವಾಗ ಜೋರು ಮಳೆ. "ಒಂದೈದ್ ನಿಮಿಷ ಮೇಡಂ, ವೈಪರ್ ಕೈ ಕೊಡ್ತು" ಅಂತ ಆಟೋದವನು ಒಂದು ಅಂಗಡಿ ಸಾಲಿನ ಮುಂದೆ ನಿಲ್ಲಿಸಿದ. ಡಾಕ್ಟರು ಎರಡು ಕಣ್ಣಿಗೂ ಹನಿ ಹಾಕಿದ್ದರು, ಎದುರಿಗಿದ್ದದ್ದೆಲ್ಲ ಮಂಜು ಮಂಜು. ಆದರೆ ಮೂಗು ನೆಟ್ಟಗಿತ್ತು. ಗ್ರೀಸು, ನೆಂದ ರಟ್ಟಿನ ಡಬ್ಬ, ಹೊಸ ರಬ್ಬರು, ಇವೆಲ್ಲದರ ಮೇಲೆ ಬೆಳಗ್ಗೆ ಹಚ್ಚಿಟ್ಟ ಊದುಬತ್ತಿ. ಬೋರ್ಡು ಓದುವ ಅಗತ್ಯವೇ ಬೀಳಲಿಲ್ಲ. ಗಾಡಿಯ ಬಿಡಿಭಾಗ ಮಾರುವ ಅಂಗಡಿ. ಒಂದು ಇಡೀ ಮಳೆಗಾಲ ನಾನು ಇಂಥದ್ದೇ ಕೌಂಟರಿನ ಮುಂದೆ ಕೊಡೆ ಮಡಚಿಕೊಂಡು ನಿಂತಿದ್ದೆ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರುಗಳು ಫರ್ಗಿವ್‌ನೆಸ್ ಬಗ್ಗೆ ವಾರಕ್ಕೆರಡು ಪೀರಿಯಡ್ ಹೇಳುತ್ತಿದ್ದರು. ನಾನು ಅದರಲ್ಲಿ ಪ್ರೈಜ್ ತಗೊಂಡವಳು. ಆದರೂ ಆ ವರ್ಷ ಶ್ರಾವಣದಿಂದ ಆಯುಧಪೂಜೆಯವರೆಗೆ ಒಬ್ಬ ಮನುಷ್ಯನನ್ನು ನಾಲ್ಕು ಜನರ ಮುಂದೆ ಹೇಗೆ ತಲೆ ತಗ್ಗಿಸುವಂತೆ ಮಾಡಬೇಕು ಅಂತಲೇ ಯೋಚಿಸಿದೆ. ಅಷ್ಟು ಏಕಾಗ್ರತೆಯಿಂದ ದೇವರನ್ನೂ ನೆನೆದಿಲ್ಲ.

ನಮ್ಮ ಮನೆ ಯಡಿಯೂರಿನಲ್ಲಿ, ನರ್ಸರಿ ಕೋಣನಕುಂಟೆಯಲ್ಲಿ. ಗುಲಾಬಿ, ಕ್ರೋಟನ್, ಮಣ್ಣಿನ ಕುಂಡ, ಗೊಬ್ಬರ, ಎಲ್ಲವನ್ನೂ ಹೊರುತ್ತಿದ್ದದ್ದು ಒಂದು ಹಳೇ ಪಿಕಪ್. ನಮ್ಮನೆಯವರು ರಾಮಚಂದ್ರ, ಆಗ ಎಪ್ಪತ್ತೆರಡು ವಯಸ್ಸು. ಡ್ರೈವರ್ ಇಟ್ಟುಕೊಳ್ಳೋಣ ಅಂದರೆ "ಒಂದು ಕುಂಡಾನೂ ಒಡೀದಂಗೆ ಹಂಪ್ ದಾಟ್ಸೋ ಡ್ರೈವರ್ ಇನ್ನೂ ಹುಟ್ಟಿಲ್ಲ ಕಣೇ ಸುಮಿ" ಅನ್ನೋರು. ಗಾಡಿಯ ರಿಪೇರಿಯೆಲ್ಲ ಗೋಪಾಲನದು. ಗೋಪಾಲ ಇವರ ಜೊತೆ ಹೈಸ್ಕೂಲು ಓದಿದವನು, ಕೋಣನಕುಂಟೆಯ ಹಳೇ ಮನೆತನದವನು. ಅಪ್ಪನ ರಾಗಿ ಹೊಲದಲ್ಲಿ ಹಿಂದೆ ಬಾಡಿಗೆ ಮನೆಗಳು, ಮುಂದೆ ರಸ್ತೆಗೆ ಅವನ ಗ್ಯಾರೇಜು. ನಮ್ಮ ಮದುವೆಯಲ್ಲಿ ಪಂಕ್ತಿಗೆ ಪಾಯಸ ಬಡಿಸಿದ ಕೈ ಅದು. ನನ್ನನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದ.

ಆ ವರ್ಷ ಮುಂಗಾರು ಹಿಡಿಯುವ ಮುಂಚೆ ಗಾಡಿ ರಸ್ತೆಯ ಮೇಲೆ ಅಲೆಯತೊಡಗಿತು. ಸ್ಟೇರಿಂಗ್ ನಾಲ್ಕು ಬೆರಳಷ್ಟು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಇವರು ನರ್ಸರಿಯಲ್ಲಿ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದರು, ನಾನು ಟಾರ್ಚ್ ಹಿಡಿದೆ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆಗಳ ತುದಿಯಲ್ಲಿ ಗುಂಡು ಕೂತ ಕೀಲು ಇರುತ್ತದೆ, ಅದಕ್ಕೆ ಟೈ ರಾಡ್ ಎಂಡ್ ಅಂತಾರೆ. ಚಕ್ರದ ಭಾರ ಹೊತ್ತು ಆಡಿಸುವ ಕೀಲು ಬೇರೆ, ಅದು ಬಾಲ್ ಜಾಯಿಂಟ್. ಎಡಕ್ಕೊಂದು ಬಲಕ್ಕೊಂದರಂತೆ ನಾಲ್ಕು ಕೀಲು, ನಾಲ್ಕೂ ಮುದಿ ಹಲ್ಲಿನಂತೆ ಅಲ್ಲಾಡುತ್ತಿದ್ದವು.

"ಸುಮಿ, ಇವಕ್ಕೆ ಏನಾದ್ರೂ ಗುರ್ತು ಹಾಕು. ಗೋಪಾಲನಿಗೆ ತೋರ್ಸೋಕೆ ಈಸಿ" ಅಂದರು.

ನನ್ನ ಬ್ಯಾಗಿನಲ್ಲಿ ಮರೂನ್ ನೇಲ್ ಪಾಲಿಶ್ ಸದಾ ಇರುತ್ತಿತ್ತು. ಉಗುರಿಗಲ್ಲ. ಹಾಸ್ಟೆಲಿನಲ್ಲಿ ಟವೆಲಿನಿಂದ ತಟ್ಟೆಯವರೆಗೆ ನಂಬರ್ ಹಾಕಿಯೇ ಬೆಳೆದವಳು ನಾನು. ಕೊಡೆ, ಟಿಫಿನ್ ಕ್ಯಾರಿಯರ್, ನರ್ಸರಿಯ ಕತ್ತರಿ, ಎಲ್ಲದಕ್ಕೂ ಒಂದು ಚುಕ್ಕಿ. ಕೀಲಿನ ಕಬ್ಬಿಣವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ನಾಲ್ಕಕ್ಕೂ ಒಂದೊಂದು ಚುಕ್ಕಿ ಇಟ್ಟೆ.

ಗಾಡಿ ಗೋಪಾಲನ ಗ್ಯಾರೇಜಿಗೆ ಹೋಯಿತು, ನಾಲ್ಕು ದಿನಕ್ಕೆ ವಾಪಸು ಬಂತು. "ಫ್ರಂಟ್ ಎಂಡ್ ಪೂರ್ತಿ ಹೊಸದು ಕಣೋ ರಾಮು, ಇನ್ನೈದು ವರ್ಷ ನನ್ ಮುಖ ನೋಡ್ಬೇಡ" ಅಂದ. ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಬದಲಿಸಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯವರ ಕೈಗೆ ಕೊಡಬೇಕು. ಇದನ್ನು ತೆಗೆದಿದ್ದೇನೆ, ಹೊಸದು ಹಾಕಿದ್ದೇನೆ ಅನ್ನುವುದಕ್ಕೆ ಅದೇ ಸಾಕ್ಷಿ. ಇವರು ಗೋಪಾಲನ ಹತ್ತಿರ ಯಾವತ್ತೂ ಅದನ್ನು ಕೇಳಿದವರಲ್ಲ. ಕೇಳಿದರೆ ಗೆಳೆಯನ ಮೇಲೆ ಅನುಮಾನಪಟ್ಟ ಹಾಗೆ. "ಹಳೇದೆಲ್ಲಾ ಅಲ್ಲೇ ಇರ್ಲಿ ಬಿಡೋ, ಗುಜರಿಗೆ ಹಾಕ್ಕೋ" ಅಂತ ಕೈ ಬೀಸಿ ಬರುತ್ತಿದ್ದರು. ಆ ದೊಡ್ಡತನ ನೋಡಿ ನಾನೂ ಎಷ್ಟೋ ಸಲ ಹೆಮ್ಮೆಪಟ್ಟಿದ್ದೆ.

ಎಂಟನೇ ದಿನ, ಬೆಳಗ್ಗೆ ಹತ್ತು ಗಂಟೆ, ಸೋನೆ ಮಳೆ. ಕ್ರೋಟನ್ ಕುಂಡ ತುಂಬಿಕೊಂಡು ನರ್ಸರಿ ಗೇಟಿನಿಂದ ಎರಡನೇ ತಿರುವಿನಲ್ಲಿ ಗಾಡಿ ಫುಟ್‌ಪಾತ್ ಹತ್ತಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಗುದ್ದಿತು. ನಾನು ಓಡಿ ಹೋಗುವಷ್ಟರಲ್ಲಿ ಇವರನ್ನು ಕೆಳಗಿಳಿಸಿದ್ದರು. ಭುಜದ ಮೂಳೆ ಮುರಿದಿತ್ತು. ನೋವಿಗಿಂತ ಹೆಚ್ಚಾಗಿ ಮುಖದ ಮೇಲೆ ಒಂದು ಗೊಂದಲ. "ತಿರುಗಿಸ್ದೆ ಸುಮಿ, ತಿರುಗ್ಲೇ ಇಲ್ಲ" ಅಂದರು. ಗುಂಪಿನಲ್ಲಿದ್ದವರೆಲ್ಲ ಗುರುತಿನವರೇ, ಎಲ್ಲರ ಗಾಡಿಯೂ ಗೋಪಾಲನ ಗ್ಯಾರೇಜಿಗೇ ಹೋಗುವುದು. ಅಷ್ಟರಲ್ಲಿ ಅವನೂ ಬಂದ. ಬಗ್ಗಿ ಎಡಗಡೆ ಚಕ್ರದ ಹಿಂದೆ ನೋಡಿದ. ಟೈ ರಾಡಿನ ಗುಂಡು ಗೂಡಿನಿಂದ ಕಳಚಿ ನೇತಾಡುತ್ತಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಗೋಡೆಗೆ ಹೊಡೆದ ಏಟಿಗೆ ಕೀಲು ಕಳಚಿದೆ. ಸಾಮಾನೆಲ್ಲ ಹೊಸದು, ನನ್ ಕೈಯಾರೆ ಹಾಕಿದೀನಿ. ವಯಸ್ಸಾಯ್ತಲ್ಲ, ಬ್ರೇಕ್ ಅನ್ಕೊಂಡು ಆಕ್ಸಿಲರೇಟರ್ ಒತ್ತಿಬಿಟ್ಟಿದಾನೆ. ಪಾಪ."

ಆ 'ಪಾಪ' ನನ್ನ ಕಿವಿಯಲ್ಲಿ ಇನ್ನೂ ಇದೆ. ಕಳ್ಳ ಅಂತ ಬೈದಿದ್ದರೂ ಇವರು ತಿರುಗಿ ಬೈದು ಮರೆತುಬಿಡುತ್ತಿದ್ದರು. ಪಾಪ ಅನ್ನಿಸಿಕೊಂಡವರು ಏನು ಮಾಡಬೇಕು?

ಇವರು ಅದನ್ನು ನಂಬಿಬಿಟ್ಟರು. ಅಲ್ಲೇ ನನ್ನ ಹೊಟ್ಟೆ ಉರಿದದ್ದು. ಕೈ ಜೋಲಿಯಲ್ಲಿ ಹಾಕಿಕೊಂಡು ವರಾಂಡದಲ್ಲಿ ಕೂತು ತಮ್ಮ ಬಲಗಾಲನ್ನೇ ನೋಡುತ್ತಿದ್ದರು, ಮನೆಯಲ್ಲಿ ಕದ್ದು ಸಿಕ್ಕಿಬಿದ್ದ ಹಳೇ ಆಳನ್ನು ನೋಡಿದ ಹಾಗೆ. ಮೂಳೆ ಕೂಡಿತು, ಮನುಷ್ಯ ಕೂಡಲಿಲ್ಲ. ನರ್ಸರಿಗೆ ಬರುವುದು ಬಿಟ್ಟರು. ಕೆರೆ ಸುತ್ತ ವಾಕಿಂಗ್ ಬಿಟ್ಟರು. ಕಾಫಿ ಲೋಟ ಹಿಡಿಯುವಾಗ "ನೀನೇ ಸ್ವಲ್ಪ ಹಿಡ್ಕೋ, ಚೆಲ್ಲಿಬಿಡ್ತೀನೇನೋ" ಅನ್ನೋರು. ಅವರ ಕೈ ನಡುಗುತ್ತಿರಲಿಲ್ಲ. ನಡುಗಬಹುದು ಅನ್ನುವ ಭಯ ಮಾತ್ರ.

ಗಾಡಿಯನ್ನು ಜನ ತಳ್ಳಿಕೊಂಡು ನರ್ಸರಿಗೆ ತಂದು ಬಿಟ್ಟಿದ್ದರು. ಮಾರನೇ ದಿನವೇ ಗೋಪಾಲ ಬಂದ. "ಅತ್ತಿಗೆ, ಇದನ್ನ ಇಟ್ಕೊಂಡು ಏನ್ ಮಾಡ್ತೀರಾ? ಹಳೇ ಮಾಡೆಲ್ಲು, ಸಾಮಾನೇ ಸಿಗಲ್ಲ. ನಾನೇ ತಗೊಂಡೋಗ್ತೀನಿ, ನಿಮ್ ಕಣ್ಮುಂದೆ ಇದ್ರೆ ಬೇಜಾರು."

ಆಗ ನನಗೆ ಯಾವ ಅನುಮಾನವೂ ಇರಲಿಲ್ಲ. ಆ 'ಪಾಪ'ದ ಸಿಟ್ಟು ಮಾತ್ರ ಇತ್ತು. "ಬೇಡ. ನಾನೇ ರಿಪೇರಿ ಮಾಡಿಸ್ತೀನಿ" ಅಂದೆ.

ನಕ್ಕುಬಿಟ್ಟ. "ನೀವಾ? ಇಂಗ್ಲಿಷಲ್ಲಿ ಗಾಡಿಗೆ ಅಡ್ವೈಸ್ ಮಾಡ್ತೀರಾ?"

ಹಾಗೆ ಶ್ರಾವಣದ ಮೊದಲ ವಾರ ನಾನು ಬಿಟಿಎಂನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಲೈಬ್ರರಿಯಲ್ಲಿ ಪುಸ್ತಕ ಕೇಳುವ ಧಾಟಿಯಲ್ಲಿ, "ಪಿಕಪ್ಪಿನ ಸ್ಟೇರಿಂಗ್ ಸಾಮಾನು ಕೊಡಿ" ಅಂದೆ. ಕೌಂಟರಿನಲ್ಲಿದ್ದದ್ದು ಬಸವರಾಜ, ಗದಗ ಕಡೆಯವನು, ಮೂವತ್ತರ ಆಸುಪಾಸು, ಅಲ್ಲೇ ಹಿಂದಿನ ಬೀದಿಯಲ್ಲಿ ರೂಮು.

"ಯಾವ ಸಾಮಾನ್ರೀ ಅಮ್ಮಾರ? ಯಾವ ವರ್ಷದ್ದು? ಸ್ಟೇರಿಂಗ್ ಪವರ್ರೋ ಸಾದಾನೋ?"

"ನೀಲಿ ಬಣ್ಣ" ಅಂದೆ. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಬಸವರಾಜ ನಗಲಿಲ್ಲ. "ಚಾಸಿ ನಂಬರ್ ಬರ್ಕೊಂಡ್ ಬರ್ರಿ. ಮತ್ತ ಹಳೇದು ಬಿಚ್ಚಿಸಿ ಸ್ಯಾಂಪಲ್ ತರ್ರಿ. ಈ ಗಾಡಿಯೊಳಗ ನಡುವ ಒಂದ್ಸಲ ಡಿಸೈನ್ ಬದಲಿ ಮಾಡ್ಯಾರ. ನೋಡಾಕ ಎರಡೂ ಒಂದ, ಆದ್ರ ಕೂಡಂಗಿಲ್ಲ" ಅಂದ.

ಅವನ ಗೆಳೆಯ ಸೆಲ್ವಂ ಅನ್ನುವ ಮೆಕ್ಯಾನಿಕ್ ನರ್ಸರಿಗೇ ಬಂದು ನಾಲ್ಕೂ ಕೀಲು ಬಿಚ್ಚಿಕೊಟ್ಟ. ಹೊಳೆಯುವ ಕಪ್ಪು ಬಣ್ಣ, ಹೊಸ ರಬ್ಬರ್ ಟೋಪಿ. ನನ್ನ ಕಣ್ಣಿಗೆ ಹೊಚ್ಚ ಹೊಸದೇ. ನಾಗರಪಂಚಮಿಯ ಮಾರನೇ ದಿನ ಚೀಲದಲ್ಲಿ ಹೊತ್ತುಕೊಂಡು ಹೋಗಿ ಕೌಂಟರಿನ ಮೇಲಿಟ್ಟೆ. ಬಸವರಾಜ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಟಕ ಟಕ ಅಂತು.

"ಯಾರ್ರೀ ಇದನ್ನ ಹೊಸಾದು ಅಂದಾವ್ರು?"

"ಯಾಕೆ?"

"ಟೊಪಗಿ ಅಷ್ಟ ಹೊಸಾದ್ರೀ. ಒಳಗ ಮುದುಕ." ಶೆಲ್ಫಿನಿಂದ ನಿಜವಾದ ಹೊಸದನ್ನು ತೆಗೆದು ನನ್ನ ಕೈಗೆ ಕೊಟ್ಟ. ಅದರ ಗುಂಡನ್ನು ನನ್ನ ಹೆಬ್ಬೆರಳಿಂದ ಕದಲಿಸಲಾಗಲಿಲ್ಲ. ಗೋಪಾಲ ಹಾಕಿದ್ದು ಬಾಗಿಲ ಚಿಲಕದಂತೆ ಓಲಾಡುತ್ತಿತ್ತು. "ಡೀಸೆಲ್ಲಿನ್ಯಾಗ ತೊಳದು ಬಣ್ಣ ಹೊಡದಾರ" ಅಂತ ಬ್ಲೇಡು ತೆಗೆದು ಒಂದು ಕಡೆ ಕೆರೆದ. ಕಪ್ಪು ಎದ್ದು ಬಂತು. ಕೆಳಗೆ ಮರೂನ್.

"ಇದೇನ್ರೀ ಕೆಂಪು?"

ನನ್ನ ಚುಕ್ಕಿ. ಉಳಿದ ಮೂರನ್ನೂ ನಾನೇ ಬ್ಲೇಡು ಕಿತ್ತುಕೊಂಡು ಕೆರೆದೆ. ಇತ್ತು, ಇತ್ತು, ಇತ್ತು. ಅಳು ಬರಲಿಲ್ಲ. ತಲೆ ಸ್ಪಷ್ಟವಾಯಿತು. ನಾವು ಗುಜರಿಗೆ ಬಿಟ್ಟು ಬಂದಿದ್ದ ಹಳೇ ಕೀಲುಗಳನ್ನೇ ತೊಳೆದು, ಟೋಪಿ ಹಾಕಿ, ಮತ್ತೆ ಇವರ ಕಾಲ ಕೆಳಗೆ ಕೂರಿಸಿದ್ದ. ಆಮೇಲೆ ಇವರ ಕಾಲಿನ ಮೇಲೇ ತಪ್ಪು ಹೊರಿಸಿದ್ದ.

"ಗಲಾಟಿ ಮಾಡ್ರಿ ಅಮ್ಮಾರ, ಬಿಡಬ್ಯಾಡ್ರಿ" ಅಂದ ಬಸವರಾಜ.

"ಈಗಲ್ಲ" ಅಂದೆ.

ಆವತ್ತೇ ಮನೆಗೆ ಹೋಗಿ ಇವರಿಗೆ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಇವರು ಗೋಪಾಲನನ್ನು ಮನೆಗೆ ಕರೆಸುತ್ತಾರೆ, ಅವನು ಕಣ್ಣಲ್ಲಿ ನೀರು ಹಾಕುತ್ತಾನೆ, ಇವರು "ಹೋಗ್ಲಿ ಬಿಡೋ" ಅಂತ ಕಾಫಿ ಕೊಡಿಸುತ್ತಾರೆ, ಲೋಟ ತೊಳೆಯುವವಳು ನಾನು. ಕೋಣನಕುಂಟೆಯ ರಸ್ತೆಯಲ್ಲಿ ಮಾತ್ರ ಇವರು ಬ್ರೇಕು ಆಕ್ಸಿಲರೇಟರ್ ಗೊತ್ತಾಗದ ಮುದುಕನಾಗಿಯೇ ಉಳಿಯುತ್ತಾರೆ. ನನಗೆ ಅದು ಬೇಡವಾಗಿತ್ತು. ಯಾವ ಜನರ ಮುಂದೆ 'ಪಾಪ' ಅಂದನೋ ಅದೇ ಜನರ ಮುಂದೆ ಅವನು ಬಾಯಿಬಿಡಬೇಕು. ಅದಕ್ಕೆ ಸರಿಯಾದ ದಿನ ಕ್ಯಾಲೆಂಡರಿನಲ್ಲಿ ಒಂದೇ ಇತ್ತು. ಅಲ್ಲಿಯವರೆಗೆ ಕಾದೆ.

ಕಾಯುತ್ತಾ ಕಲಿತೆ. ನೋಟ್‌ಬುಕ್ಕಿನಲ್ಲಿ ಕಾನ್ವೆಂಟ್ ಅಕ್ಷರದಲ್ಲಿ ಬರೆದುಕೊಂಡೆ. ಡಬ್ಬದ ಮೇಲಿನ ಹೆಸರು ನಂಬಬಾರದು, ಡಬ್ಬ ಯಾವ ಗಲ್ಲಿಯಲ್ಲಿ ಬೇಕಾದರೂ ಪ್ರಿಂಟ್ ಆಗುತ್ತದೆ, ಕಬ್ಬಿಣದ ಮೇಲೆ ಅಚ್ಚೊತ್ತಿದ ನಂಬರ್ ನೋಡಬೇಕು. ಹೊಸ ಕೀಲು ಬೆರಳಿಗೆ ಬಗ್ಗಬಾರದು. ಎಡಗಡೆಯದು ಸವೆದಿದ್ದರೂ ಬಲಗಡೆಯದನ್ನೂ ಬದಲಿಸಬೇಕು. "ಜೋಡಿ ಹಾಕ್ರಿ ಅಮ್ಮಾರ. ಒಂದು ಹೊಸಾದು ಒಂದು ಹಳೇದು ಆದ್ರ ಹಳೇದು ಹೊಸಾದನ್ನ ತಿಂತೈತಿ" ಅನ್ನುತ್ತಿದ್ದ ಬಸವರಾಜ. ಸಸ್ಪೆನ್ಷನ್ನಿನ ಬುಷ್, ಅಂದರೆ ಕಬ್ಬಿಣದ ನಡುವೆ ಕೂತು ಪೆಟ್ಟು ತಡೆಯುವ ಬಳೆ, ಆರಿಸುವಾಗ ನಾನು ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ತೋರಿಸಿದೆ, ಗಟ್ಟಿ ಇದ್ದಷ್ಟೂ ಬಾಳಿಕೆ ಅಂತ. ಅವನು ಅದನ್ನು ಪಕ್ಕಕ್ಕೆ ಸರಿಸಿ ಸಾದಾ ರಬ್ಬರಿನದು ಇಟ್ಟ. "ನೀವು ಮಣ್ಣಿನ ಕುಂಡಾ ಹೇರಾವ್ರು. ಇಷ್ಟು ಬಿರುಸು ಹಾಕಿದ್ರ ಪೆಟ್ಟೆಲ್ಲಾ ಕುಂಡಕ್ಕ ಹೋಗತೈತಿ. ಸ್ವಲ್ಪ ಮೆತ್ತಗಿರಬೇಕ್ರಿ." ಅವನು ಬುಷ್ಷಿನ ಬಗ್ಗೆ ಹೇಳಿದ್ದು, ನನಗೇ ಹೇಳಿದ ಹಾಗಿತ್ತು. ಕೇಳಿಸಿಕೊಳ್ಳಲಿಲ್ಲ.

ಸಿಗುವುದೇ ಇಲ್ಲ ಅಂತ ಗೋಪಾಲ ಹೇಳಿದ್ದ ಸಾಮಾನು ಗೌರಿ ಹಬ್ಬದ ಹೊತ್ತಿಗೆ ಒಂದೊಂದಾಗಿ ಬಂತು. ಸೆಲ್ವಂ ಕೂರಿಸಿದ, ಅಲೈನ್‌ಮೆಂಟ್ ಮಾಡಿಸಿದ. ಆಮೇಲೂ ಗಾಡಿ ಒಂದು ತಿಂಗಳು ನರ್ಸರಿಯಲ್ಲೇ ನಿಂತಿತ್ತು. ಬಿಚ್ಚಿದ ನಾಲ್ಕು ಕೀಲುಗಳನ್ನು ಗೊಬ್ಬರದ ಶೆಡ್ಡಿನಲ್ಲಿ ಬಚ್ಚಿಟ್ಟು, ಒಂದನ್ನು ಚುಕ್ಕಿ ಕಾಣುವ ಹಾಗೆ ಬಿಟ್ಟು, ಮೂರಕ್ಕೆ ಮತ್ತೆ ಕಪ್ಪು ಬಣ್ಣ ಬಳಿದೆ. ಜನರೇ ಕೆರೆದು ನೋಡಲಿ ಅಂತ.

ಆಯುಧಪೂಜೆಯ ದಿನ ಕೋಣನಕುಂಟೆಯ ಅರ್ಧ ಗಾಡಿಗಳು ಗೋಪಾಲನ ಗ್ಯಾರೇಜಿಗೇ ಪೂಜೆಗೆ ಬರುತ್ತವೆ, ಅದು ಗ್ಯಾರೇಜು ಶುರುವಾದಾಗಿನಿಂದ ಬಂದ ಪದ್ಧತಿ. ಬಾಳೆಕಂದು, ಚೆಂಡುಹೂ, ಸಾಲಾಗಿ ನಿಂತ ವ್ಯಾನು, ಆಟೋ, ಟೆಂಪೋ. ನಡುವೆ ಮಣೆ ಹಾಕಿ, ತೊಳೆದ ಸ್ಪ್ಯಾನರುಗಳನ್ನೆಲ್ಲ ಜೋಡಿಸಿ ಕುಂಕುಮ ಇಟ್ಟಿದ್ದರು. ನಾನು ಮೈಸೂರು ಸಿಲ್ಕ್ ಉಟ್ಟು ಪಿಕಪ್ಪಿನಿಂದ ಇಳಿದೆ. ಓಡಿಸಿಕೊಂಡು ಬಂದಿದ್ದ ಸೆಲ್ವಂ ಸೀಟಿನಲ್ಲೇ ಕೂತ. ಮನೆಯಲ್ಲಿ ಇವರಿಗೆ ದೇವಸ್ಥಾನ ಅಂತ ಹೇಳಿ ಬಂದಿದ್ದೆ.

"ಓಹೋ, ಬನ್ನಿ ಅತ್ತಿಗೆ! ಗಾಡಿ ಎದ್ಬಿಡ್ತಲ್ಲಾ! ರಾಮು ಬರ್ಲಿಲ್ವಾ? ಪಾಪ, ಈಗ ಹೆಂಗಿದಾನೆ?"

ಮತ್ತೆ ಪಾಪ. ನಾನು ಮಣೆಯ ಮುಂದೆ ಕೂತು, ಬಾಳೆಲೆಯಲ್ಲಿ ಸುತ್ತಿದ್ದ ನಾಲ್ಕು ಕೀಲುಗಳನ್ನು ತೆಗೆದು ಸ್ಪ್ಯಾನರುಗಳ ಪಕ್ಕ ಸಾಲಾಗಿ ಇಟ್ಟೆ. ಒಂದೊಂದಕ್ಕೂ ಕುಂಕುಮ ಹಚ್ಚಿದೆ.

"ಏನಿದು ಅತ್ತಿಗೆ?"

"ನೀವು ನಮ್ಮ ಗಾಡಿಗೆ ಹಾಕಿದ ಹೊಸ ಸಾಮಾನು, ಗೋಪಾಲ. ಪೂಜೆ ಮಾಡಿ."

ಅವನ ಕೈಯಲ್ಲಿ ಒಡೆಯಲು ಹಿಡಿದಿದ್ದ ಬೂದುಗುಂಬಳಕಾಯಿ ಇತ್ತು, ಕೆಳಗಿಡಲೂ ಆಗದು, ಎತ್ತಲೂ ಆಗದು. ಪಕ್ಕದಲ್ಲಿ ಸ್ಕೂಲ್ ವ್ಯಾನಿನ ನಂಜುಂಡಪ್ಪ ನಿಂತಿದ್ದರು. "ಇದನ್ನ ಸ್ವಲ್ಪ ಕೆರೆದು ನೋಡಿ" ಅಂತ ಬ್ಲೇಡು ಅವರ ಕೈಗೆ ಕೊಟ್ಟೆ. "ಕಪ್ಪಿನ ಕೆಳಗೆ ಮರೂನ್ ಚುಕ್ಕಿ ಇರುತ್ತೆ. ಸವೆದಿದೆ, ಬದಲಾಯಿಸಿ ಅಂತ ನಾನೇ ಇಟ್ಟದ್ದು. ರಿಪೇರಿಗೆ ಕೊಡೋ ಮುಂಚೆ."

ಅವರು ಕೆರೆದರು. ಅಲ್ಲಾಡಿಸಿದರು. ಟಕ ಟಕ. ಇನ್ನೊಂದು ಕೆರೆದರು. ಆಮೇಲೆ ಬಹಳ ಮೆಲ್ಲಗೆ, "ಗೋಪಾಲಣ್ಣ, ಹೋದ್ ತಿಂಗಳು ನನ್ ವ್ಯಾನ್‌ಗೂ ನೀನೇ ಅಲ್ವಾ ಹಾಕಿದ್ದು? ದಿನಾ ಹದಿನಾಲ್ಕು ಮಕ್ಕಳನ್ನ ಕೂರಿಸ್ಕೊಂಡ್ ಹೋಗ್ತೀನಿ ಕಣಯ್ಯಾ" ಅಂದರು.

ಯಾರೋ ಒಬ್ಬರು ತಮ್ಮ ಟೆಂಪೋದ ಕೆಳಗೆ ಬಗ್ಗಿದರು. ಇನ್ನೊಬ್ಬರು ಹೊಸ ಪಂಚೆಯಲ್ಲೇ ನೆಲಕ್ಕೆ ಮಲಗಿದರು. ಹೂವಿನ ಹಾರ ಹಾಕಿದ ಗಾಡಿಗಳ ಕೆಳಗೆ ಒಬ್ಬೊಬ್ಬರಾಗಿ ಮಲಗಿ ಚಕ್ರ ಅಲ್ಲಾಡಿಸತೊಡಗಿದರು. ಗೋಪಾಲನ ಹೆಂಡತಿ ಆರತಿ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

"ಸಾಮಾನು ಸಿಗ್ಲಿಲ್ಲ ಅತ್ತಿಗೆ, ದೇವರಾಣೆ. ರಾಮು ಅರ್ಜೆಂಟ್ ಮಾಡ್ದ. ಒಂದು ತಿಂಗಳು ಓಡ್ಲಿ, ಬಂದ್ಮೇಲೆ ನಾನೇ ಬದಲಾಯಿಸೋಣ ಅಂತಿದ್ದೆ."

"ಆವತ್ತು ರಸ್ತೆಯಲ್ಲಿ ಹೇಳಿದ್ದನ್ನ ಸರಿಯಾಗಿ ಹೇಳಿ. ಇವರಿಗೆಲ್ಲ ಕೇಳೋ ಹಾಗೆ."

"ಅತ್ತಿಗೆ, ಹಬ್ಬದ ದಿನ..."

"ಹೇಳಿ."

"ರಾಮು ತಪ್ಪಲ್ಲ" ಅಂದ, ಕುಂಬಳಕಾಯಿಯನ್ನು ನೋಡುತ್ತಾ.

"ಲೌಡರ್, ಪ್ಲೀಸ್."

"ರಾಮು ತಪ್ಪಲ್ಲ! ಕೀಲು ಮೊದಲೇ ಕಳಚಿತ್ತು! ನನ್ ತಪ್ಪು!"

ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನ್ನ ಬಾಯಲ್ಲಿ ಬೆಲ್ಲದ ಹಾಗಿತ್ತು. ಗ್ಯಾರೇಜು ಮುಂದಿನ ಯುಗಾದಿ ಕಾಣಲಿಲ್ಲ. ಈಗ ಅಲ್ಲಿ ಟೈಲ್ಸ್ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ತಿರುಗಿ ನೋಡುತ್ತೇನೆ, ಒಂದು ಸಲವೂ ಅಯ್ಯೋ ಅನ್ನಿಸಿಲ್ಲ.

ಗಾಡಿಯನ್ನು ಸೀದಾ ಯಡಿಯೂರಿಗೆ ಬಿಡಿಸಿದೆ. ಸೆಲ್ವಂ ಕೀ ಕೊಟ್ಟು ಬಸ್ಸು ಹತ್ತಿದ. ಇವರು ವರಾಂಡದಲ್ಲೇ ಇದ್ದರು. ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ, ತೊಳೆದ ಕೀಲು, ಚುಕ್ಕಿ, ಮಣೆ, ಕೂಗಿ ಹೇಳಿಸಿದ್ದು. ಅವರು ಬಲಗಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದರು. ಬೆರಳು ಆಡಿಸಿದರು.

"ಇದಲ್ಲ" ಅಂದರು.

"ಅಲ್ಲ."

"ತಿರುಗಿಸಿದ್ದೆ ನಾನು."

"ತಿರುಗಿಸಿದ್ರಿ."

ಮುಖ ಮಗುವಿನ ಹಾಗೆ ಅರಳಿತು. ನಾನು ಆ ನಗುವಿಗಾಗಿಯೇ ಕಾದಿದ್ದೆ ಅಂದುಕೊಂಡೆ. ಅಷ್ಟರಲ್ಲಿ ಕೇಳಿದರು, "ನಿನಗೆ ಯಾವತ್ತು ಗೊತ್ತಾಯ್ತು ಸುಮಿ?"

"ನಾಗರಪಂಚಮಿಯ ಮಾರನೇ ದಿನ."

ನಗು ಎಲ್ಲಿ ಹೋಯಿತೋ. "ವರಮಹಾಲಕ್ಷ್ಮಿ ಹಬ್ಬದ ದಿನ ಕಾಫಿ ಲೋಟ ನಿನ್ ಕೈಲಿ ಹಿಡಿಸ್ಕೊಂಡೆ."

"ಹೂಂ."

"ಗಣೇಶನ ಹಬ್ಬಕ್ಕೆ ಡಾಕ್ಟರ ಹತ್ರ ಹೋಗಿ, ನನ್ನ ತಲೆ ಸರಿ ಇದೆಯಾ ನೋಡಿ ಅಂತ ಕೇಳ್ದೆ. ನೀನು ಪಕ್ಕದಲ್ಲೇ ಕೂತಿದ್ದೆ."

ನಾನು ಬೆರಳಿಗೆ ಹತ್ತಿದ್ದ ಕುಂಕುಮವನ್ನು ಸೆರಗಿಗೆ ಒರೆಸಿದೆ.

"ಗೋಪಾಲ ಹೆದರ್ಕೊಂಡು ಮುಚ್ಚಿಟ್ಟ. ನೀನು ಯಾಕೆ?"

ಕೈ ಚಾಚಿದರು, ಕೀ ಕೊಟ್ಟೆ. ಬರುತ್ತೀಯಾ ಅನ್ನಲಿಲ್ಲ. ಒಬ್ಬರೇ ಹತ್ತಿ, ರಿವರ್ಸ್ ತೆಗೆದು, ಕೆರೆ ರಸ್ತೆಗೆ ತಿರುಗಿಸಿಕೊಂಡು ಹೋದರು. ಗಾಡಿ ಒಂದಿಷ್ಟೂ ಅಲೆಯಲಿಲ್ಲ.

ಮೂರು ತಾಸು ಬಿಟ್ಟು ಬಂದಾಗ ಹಣೆಯ ಮೇಲೆ ಹಸಿ ಕುಂಕುಮ ಇತ್ತು. ಎಲ್ಲಿಗೆ ಹೋಗಿದ್ದಿರಿ ಅಂತ ನಾನು ಕೇಳಲಿಲ್ಲ. ಪೇಪರಿನ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು, "ಪೂಜೆ ಮುಗಿಸ್ದ. ನಿನಗೂ ಪ್ರಸಾದ ಕೊಟ್ಟಿದಾನೆ ಗೋಪಾಲ" ಅಂದರು. ಕಡ್ಲೆಪುರಿ, ಎರಡು ತುಂಡು ಕೊಬ್ಬರಿ.

ಅವನನ್ನು ಆವತ್ತೇ ಕ್ಷಮಿಸಿದರು. ನನ್ನನ್ನು ಕ್ಷಮಿಸಿದರೋ ಇಲ್ಲವೋ, ಆಮೇಲೆ ಬದುಕಿದ್ದ ನಾಲ್ಕು ವರ್ಷದಲ್ಲಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುರಿ ಮೆತ್ತಗಾಗಿ, ಪೊಟ್ಟಣದ ಪೇಪರಿಗೆ ಕೊಬ್ಬರಿಯ ಎಣ್ಣೆ ಹತ್ತುವವರೆಗೂ ಮೇಜಿನ ಮೇಲೇ ಇತ್ತು. ಅವರು ತೆಗೆಯಲಿಲ್ಲ. ನಾನು ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ.